72 ವರ್ಷದ ಅಪ್ಪನಿಗೆ ಸಿಲೊಸಿಬಿನ್ ಥೆರಪಿ: ಯಾರಿಗಾದರೂ ಸರಿಯಾಗಿ ಗೊತ್ತಾ?

ಹಿಲ್ಸ್‌ಬರೋ_ಕನ್ನಡಿಗ

ಎಲ್ಲರಿಗೂ ನಮಸ್ಕಾರ. ನಾವಿರುವುದು ಅಮೆರಿಕದ ಒರೆಗಾನ್‌ನಲ್ಲಿ. ಅಪ್ಪನಿಗೆ 72. ಅಮ್ಮ ತೀರಿಕೊಂಡ ಮೇಲೆ ನಮ್ಮ ಜೊತೆಗೇ ಇದ್ದಾರೆ, ಗ್ರೀನ್ ಕಾರ್ಡ್ ಇದೆ. ವರ್ಷದ ಮೇಲಾಯ್ತು, ಮನುಷ್ಯ ಮಂಕಾಗಿಬಿಟ್ಟಿದ್ದಾರೆ. ತಟ್ಟೆಯಲ್ಲಿ ಅರ್ಧ ಊಟ ಹಾಗೇ ಉಳಿಯುತ್ತದೆ. ಬೆಳಗಿನ ಜಾವ ಮೂರಕ್ಕೆ ಎದ್ದು ಲೈಟ್ ಕೂಡ ಹಾಕದೆ ಸೋಫಾ ಮೇಲೆ ಕೂತಿರುತ್ತಾರೆ. ಕ್ರಿಕೆಟ್ ನೋಡುತ್ತಾರೆ, ಸ್ಕೋರ್ ಎಷ್ಟು ಅಂದರೆ ಗೊತ್ತಿರುವುದಿಲ್ಲ. ಡಾಕ್ಟರ್ ಖಿನ್ನತೆಗೆ ಎಸ್ಸಿಟಲೋಪ್ರಾಮ್ ಮಾತ್ರೆ ಕೊಟ್ಟರು, ಡೋಸ್ ಏರಿಸಿದರು, ಆಮೇಲೆ ಬೇರೆ ಮಾತ್ರೆಗೆ ಬದಲಾಯಿಸಿದರು. ಅಂಥ ವ್ಯತ್ಯಾಸ ಏನೂ ಕಾಣಲಿಲ್ಲ.

ಇಲ್ಲಿ ಸಿಲೊಸಿಬಿನ್ (ಕೆಲವು ಅಣಬೆಗಳಲ್ಲಿರುವ, ಭ್ರಮೆ ತರಿಸುವ ವಸ್ತು) ಥೆರಪಿಗೆ ರಾಜ್ಯದ ಕಾನೂನಿನಲ್ಲೇ ಅವಕಾಶ ಇದೆ. ಆಫೀಸಿನ ಗೆಳೆಯನ ಅತ್ತೆ ಹೋಗಿ ಬಂದರಂತೆ, ಆಮೇಲೆ ಆಕೆ ಬೇರೆಯೇ ಮನುಷ್ಯೆ ಆಗಿದ್ದಾರೆ ಎನ್ನುತ್ತಾನೆ. ಹೆಂಡತಿ ಬೇಡವೇ ಬೇಡ ಅನ್ನುತ್ತಿದ್ದಾಳೆ. ನನಗೆ ದಿಕ್ಕು ತೋಚುತ್ತಿಲ್ಲ. ತಿಳಿದವರು ಹೇಳಿ.

ಸಾಗರದ_ಮೇಷ್ಟ್ರು

ತಮ್ಮಾ, 70ರ ದಶಕದಲ್ಲಿ ಗೋಕರ್ಣದ ಕಡೆ ಬರುತ್ತಿದ್ದ ಹಿಪ್ಪಿಗಳನ್ನು ಕಣ್ಣಾರೆ ನೋಡಿದವನು ನಾನು. ಅದೇ ಸಾಮಾನಿಗೆ ಈಗ ಥೆರಪಿ ಅಂತ ಹೆಸರಾ? ಹೆಂಡತಿ ಕಳಕೊಂಡ ಮನುಷ್ಯನಿಗೆ ಭ್ರಮೆ ಹಿಡಿಸಿ ಏನು ಸಾಧನೆ? ಊರಿಗೆ ಕಳಿಸಿ, ನಾಲ್ಕು ಜನರ ಜೊತೆ ಕಟ್ಟೆ ಮೇಲೆ ಕೂತರೆ ಸರಿಹೋಗುತ್ತಾರೆ.

ಡಾಕ್ಟ್ರಮ್ಮ_ಜಯನಗರ

ಮೇಷ್ಟ್ರೇ, ಕಟ್ಟೆ ಒಳ್ಳೆಯದೇ. ಆದರೆ ಮೂರಕ್ಕೆ ಎಚ್ಚರ ಆಗುವುದು, ಊಟ ಬಿಡುವುದು, ಸ್ಕೋರ್ ತಲೆಯಲ್ಲಿ ನಿಲ್ಲದಿರುವುದು, ಇದೆಲ್ಲ ಸೇರಿದರೆ ಬರೀ ಬೇಸರ ಅಲ್ಲ. ಇದು ಕಾಯಿಲೆ ಇರಬಹುದು.

ನಾನು ಮನೋವೈದ್ಯೆ. ವಯಸ್ಸಾದವರನ್ನೇ ಜಾಸ್ತಿ ನೋಡುತ್ತೇನೆ. ಸೈಕಡೆಲಿಕ್, ಅಂದರೆ ಹೀಗೆ ಭ್ರಮೆ ತರಿಸುವ ವಸ್ತುಗಳ ಥೆರಪಿ ಅಂದರೆ ಮೂಗು ಮುರಿಯುವವಳಲ್ಲ. ಆಲ್ಬರ್ಟ್ ಹಾಫ್ಮನ್ 1958ರಲ್ಲಿ ಅಣಬೆಯಿಂದ ಸಿಲೊಸಿಬಿನ್ ಬೇರ್ಪಡಿಸಿದರು. 60ರ ದಶಕದಲ್ಲಿ ಅಮೆರಿಕದ ಆಸ್ಪತ್ರೆಗಳಲ್ಲಿ ಕ್ಯಾನ್ಸರ್ ರೋಗಿಗಳಿಗೆ ಅದೇ ಥರದ ಎಲ್‌ಎಸ್‌ಡಿ ಕೊಟ್ಟು ನೋವು, ಸಾವಿನ ಭಯ ಕಡಿಮೆ ಆಗುತ್ತದಾ ಎಂದು ನೋಡಿದವರಿದ್ದರು. 1970ರಲ್ಲಿ ಅಮೆರಿಕದ ಮಾದಕ ವಸ್ತು ಕಾನೂನು ಬಂತು, ಆಮೇಲೆ ಹೆಚ್ಚುಕಡಿಮೆ ಎಲ್ಲ ನಿಂತುಹೋಯಿತು.

ಮತ್ತೆ ದೊಡ್ಡದಾಗಿ ಸುದ್ದಿಯಾದದ್ದು 2016ರಲ್ಲಿ. ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದಲ್ಲಿ 51 ಕ್ಯಾನ್ಸರ್ ರೋಗಿಗಳಿಗೆ, ನ್ಯೂಯಾರ್ಕ್ ವಿಶ್ವವಿದ್ಯಾಲಯದಲ್ಲಿ 29 ಜನರಿಗೆ ಸಿಲೊಸಿಬಿನ್ ಕೊಟ್ಟು ನೋಡಿದರು. ಹಾಪ್ಕಿನ್ಸ್‌ನಲ್ಲಿ ಆರು ತಿಂಗಳಾದ ಮೇಲೂ ಸುಮಾರು 80% ಜನರಲ್ಲಿ ಖಿನ್ನತೆ, ಆತಂಕ ಗಣನೀಯವಾಗಿ ಇಳಿದಿತ್ತು. ಪೇಪರ್‌ಗಳು ಕುಣಿದಾಡಿದ್ದು ಇದನ್ನು ನೋಡಿಯೇ.

ಈಗ ಒಳಗೆ ಇಣುಕೋಣ. ಅವರ ಸರಾಸರಿ ವಯಸ್ಸು 56. ಹೆಚ್ಚುಕಡಿಮೆ ಎಲ್ಲರೂ ಬಿಳಿಯರು. ಅರ್ಧದ ಹತ್ತಿರ ಜನ ಮೊದಲೇ ಇಂಥ ವಸ್ತು ಬಳಸಿ ಗೊತ್ತಿದ್ದವರು. ಎಲ್ಲರಿಗೂ ಜೀವಕ್ಕೇ ಕುತ್ತು ತರುವಂಥ ಕ್ಯಾನ್ಸರ್ ಇತ್ತು, ಅದರಿಂದ ಬಂದ ಭಯ ಇತ್ತು. ನಿಮ್ಮ ಅಪ್ಪ ಇದರಲ್ಲಿ ಎಲ್ಲಿ ಬರುತ್ತಾರೆ? 2024ರಲ್ಲಿ ಒಂದು ಪರಿಶೀಲನೆ ಬಂತು. ಸೈಕಡೆಲಿಕ್ ಥೆರಪಿಯ 36 ಪ್ರಯೋಗಗಳನ್ನು ಒಟ್ಟುಹಾಕಿ, 65 ದಾಟಿದವರು ಎಷ್ಟು ಮಂದಿ ಎಂದು ಎಣಿಸಿದರು. 1400 ಜನರಲ್ಲಿ 19.

ಹತ್ತೊಂಬತ್ತು! ನನ್ನ ಒಂದು ವಾರದ ಓಪಿಡಿಯಲ್ಲಿ ಅದಕ್ಕಿಂತ ಜಾಸ್ತಿ ಅಜ್ಜ ಅಜ್ಜಿಯರು ಬರುತ್ತಾರೆ.

ಹಾಗಾಗಿ ಕೆಲಸ ಮಾಡುತ್ತದಾ ಇಲ್ಲವಾ ಎಂದು ನನ್ನನ್ನು ಕೇಳಬೇಡಿ. ನಿಮ್ಮ ಅಪ್ಪನಂಥವರ ಮೇಲೆ ಯಾರಾದರೂ ನೋಡಿದ್ದಾರಾ ಎಂದು ಕೇಳಿ. ಇಲ್ಲ, ಹೆಚ್ಚುಕಡಿಮೆ ಯಾರೂ ನೋಡಿಲ್ಲ.

ಮಾತ್ರೆಡಬ್ಬಿ

ಫಾರ್ಮಸಿಸ್ಟ್ ಇಲ್ಲಿ. ಅಪ್ಪ ಬೇರೆ ಏನೇನು ತಗೊಳ್ತಾರೆ? ಬಿಪಿ, ಶುಗರ್, ಮಂಡಿನೋವು, ಊರಿಂದ ತಂದ ಲೇಹ್ಯ, ಎಲ್ಲ ಬರೆಯಿರಿ.

ಹಿಲ್ಸ್‌ಬರೋ_ಕನ್ನಡಿಗ

ಬಿಪಿಗೆ ಟೆಲ್ಮಿಸಾರ್ಟನ್, ಶುಗರ್‌ಗೆ ಮೆಟ್‌ಫಾರ್ಮಿನ್. ಮಂಡಿನೋವು ಜಾಸ್ತಿಯಾದಾಗ ಟ್ರಮಡಾಲ್. ಖಿನ್ನತೆಗೆ ಈಗ ಸರ್ಟ್ರಾಲಿನ್. ಅಶ್ವಗಂಧ ಕೂಡ ಇದೆ, ಅತ್ತಿಗೆ ಕಳಿಸುತ್ತಾರೆ.

ಮಾತ್ರೆಡಬ್ಬಿ

ಸರಿ, ಒಂದೊಂದಾಗಿ ನೋಡೋಣ.

ಸಿಲೊಸಿಬಿನ್ ಕೆಲಸ ಮಾಡುವುದು ಮೆದುಳಿನಲ್ಲಿ ಸೆರೊಟೋನಿನ್ ಎಂಬ ರಾಸಾಯನಿಕವನ್ನು ಹಿಡಿಯುವ ರಿಸೆಪ್ಟರ್‌ಗಳ ಮೇಲೆ. ಸರ್ಟ್ರಾಲಿನ್ ಥರದ ಮಾತ್ರೆ ಒಳಗಿದ್ದರೆ ಅನುಭವ ಮಂದವಾಗಬಹುದು. ಅದಕ್ಕೇ ಬಹಳಷ್ಟು ಪ್ರಯೋಗಗಳಲ್ಲಿ ಮೊದಲು ಈ ಮಾತ್ರೆ ಬಿಡಿಸಿದ್ದಾರೆ. ಆದರೆ 72 ವಯಸ್ಸಿನವರಿಗೆ ಮಾತ್ರೆ ಬಿಡಿಸುವುದೇ ಒಂದು ಅಪಾಯ. ಇರುವ ಅಷ್ಟಿಷ್ಟು ಆಸರೆಯನ್ನೂ ಎಳೆದ ಹಾಗೆ. ಮನೆಯಲ್ಲಿ ನೀವೇ ಬಿಡಿಸಲು ಹೋಗಬೇಡಿ.

ಟ್ರಮಡಾಲ್ ನನಗೆ ಹಿಡಿಸಲಿಲ್ಲ. ಸರ್ಟ್ರಾಲಿನ್ ಜೊತೆಗೆ ಅದು ಈಗಲೇ ತೊಂದರೆ ಜೋಡಿ. ಫಿಟ್ಸ್ ಬರುವ ಸಾಧ್ಯತೆ ಏರುತ್ತದೆ, ಸೆರೊಟೋನಿನ್ ಮಿತಿಮೀರಿ ನಡುಕ, ಜ್ವರ, ಗೊಂದಲ ಬರಬಹುದು. ಅಣಬೆ ವಿಷಯ ಪಕ್ಕಕ್ಕಿಟ್ಟು ನಾಳೆಯೇ ಡಾಕ್ಟರ್‌ಗೆ ಇದನ್ನು ಹೇಳಿ. ಇಬ್ಬರು ಬೇರೆ ಬೇರೆ ಡಾಕ್ಟರ್ ಬರೆದಿದ್ದಾರೆ ಅಂತ ನನ್ನ ಊಹೆ.

ಓದುತ್ತಿರುವ ಬೇರೆಯವರಿಗೂ ಒಂದು ಮಾತು. ಮನೆಯಲ್ಲಿ ಯಾರಾದರೂ ಮನಸ್ಸಿನ ಏರುಪೇರಿಗೆ ಕೊಡುವ ಲಿಥಿಯಂ ತಗೊಳ್ತಿದ್ದರೆ ಈ ಕಡೆ ತಲೆ ಹಾಕಿಯೂ ಮಲಗಬೇಡಿ. ಫಿಟ್ಸ್ ಆದ ವರದಿಗಳಿವೆ. ಒರೆಗಾನ್ ನಿಯಮದಲ್ಲೂ ಹಿಂದಿನ 30 ದಿನದಲ್ಲಿ ಲಿಥಿಯಂ ತಗೊಂಡವರಿಗೆ ಕೊಡುವ ಹಾಗಿಲ್ಲ.

ಬಿಪಿ ಬಗ್ಗೆ ಡಾಕ್ಟ್ರಮ್ಮ ಹೇಳಲಿ.

ಡಾಕ್ಟ್ರಮ್ಮ_ಜಯನಗರ

ಹಾಪ್ಕಿನ್ಸ್ ಅಧ್ಯಯನದಲ್ಲೇ ಲೆಕ್ಕ ಇದೆ. ಜಾಸ್ತಿ ಡೋಸ್ ಕೊಟ್ಟ ಸೆಷನ್‌ಗಳಲ್ಲಿ 34%ರಲ್ಲಿ ಒಮ್ಮೆಯಾದರೂ ಮೇಲಿನ ಬಿಪಿ 160 ದಾಟಿತ್ತು. 15% ಜನರಿಗೆ ವಾಕರಿಕೆ ಅಥವಾ ವಾಂತಿ. ಅವರೆಲ್ಲ ಚೆನ್ನಾಗಿ ಜರಡಿ ಹಿಡಿದು ಆರಿಸಿದವರು. ಪಕ್ಕದಲ್ಲೇ ಬಿಪಿ ಮೆಷಿನ್, ಡಾಕ್ಟರ್ ಇದ್ದರು. ಆಗಲೇ ಹೃದಯದ ತೊಂದರೆ ಇರುವವರಿಗೆ, ಬಿಪಿ ಹತೋಟಿಯಲ್ಲಿ ಇಲ್ಲದವರಿಗೆ ಈ ಏರಿಳಿತ ಸಣ್ಣ ವಿಷಯ ಅಲ್ಲ.

ಇನ್ನೊಂದು ಪ್ರಶ್ನೆ. ಅಪ್ಪನಿಗೆ ಮರೆವು, ಇಲ್ಲದವರು ಕಂಡ ಹಾಗಾಗುವುದು, ನಿದ್ದೆಯಲ್ಲಿ ಕೈಕಾಲು ಒದೆಯುವುದು ಏನಾದರೂ ಇದೆಯಾ? ಲ್ಯೂಯಿ ಬಾಡಿ ಎಂಬ ಥರದ ಮರೆವಿನ ಕಾಯಿಲೆ ಮೊದಮೊದಲು ಖಿನ್ನತೆಯ ವೇಷದಲ್ಲಿ ಬರುವುದುಂಟು. ಅಂಥವರಿಗೆ ಭ್ರಮೆ ತರಿಸುವ ವಸ್ತು ಕೊಡುವುದನ್ನು ನೆನೆಸಿಕೊಂಡರೇ ಭಯ. ಥೈರಾಯ್ಡ್, ಬಿ12 ನೋಡಿಸಿದ್ದೀರಾ? ಸಸ್ಯಾಹಾರಿ, ಅದರ ಮೇಲೆ ವರ್ಷಗಟ್ಟಲೆ ಮೆಟ್‌ಫಾರ್ಮಿನ್ ಅಂದರೆ ಬಿ12 ಇಳಿದಿರುವ ಸಾಧ್ಯತೆ ಚೆನ್ನಾಗಿಯೇ ಇದೆ.

ಋಗ್ವೇದ_ಅಭಿಮಾನಿ

ನಮ್ಮ ಸೋಮರಸ ಇದೇ ಅಲ್ವಾ? ಋಷಿಗಳಿಗೆ ಗೊತ್ತಿದ್ದದ್ದನ್ನು ಈಗ ಡಾಲರ್ ಕೊಟ್ಟು ಕಲಿಯುತ್ತಿದ್ದೇವೆ.

ಮೈಸೂರಜ್ಜಿ

ಸೋಮ ಯಾವ ಗಿಡ ಅಂತ ಇವತ್ತಿಗೂ ವಿದ್ವಾಂಸರು ಕಿತ್ತಾಡುತ್ತಿದ್ದಾರೆ ಕಣಪ್ಪ. ನಿನಗೆ ಮಾತ್ರ ಗೊತ್ತಾಗಿದ್ದರೆ ಒಂದು ಪುಸ್ತಕ ಬರಿ.

ನಾನು ಬಂದದ್ದು ಬೇರೆ ಮಾತು ಹೇಳಲಿಕ್ಕೆ. ನನಗೆ 69. ಸ್ತನ ಕ್ಯಾನ್ಸರ್ ಆಗಿ ಚಿಕಿತ್ಸೆ ಮುಗಿದಿದೆ. ಇಲ್ಲಿ ಎಲ್ಲರೂ "ಅಪ್ಪನಿಗೆ ಏನು ಮಾಡಿಸೋಣ" ಎಂದು ಮಾತಾಡುತ್ತಿದ್ದೀರಿ. ಅಪ್ಪನನ್ನು ಯಾರಾದರೂ ಕೇಳಿದಿರಾ?

ರಿಪೋರ್ಟ್ ಎಲ್ಲ ಸರಿ ಇದೆ ಅಂದ ಮೇಲೆ ನನಗೆ ಶುರುವಾಯಿತು. ಬೆನ್ನು ನೋವು ಬಂದರೆ ಮೂಳೆಗೆ ಹಬ್ಬಿತು ಅನ್ನಿಸುವುದು. ಮೊಮ್ಮಗಳ ಮದುವೆ ಮಾತು ಬಂದರೆ ಎದ್ದು ಅಡಿಗೆಮನೆಗೆ ಹೋಗುವುದು. ಆಗ ಮಗ ಈ ಹಾಪ್ಕಿನ್ಸ್ ವಿಷಯ ಓದಿ ಹೇಳಿದ. ಅಲ್ಲಿ ಕೋಣೆ ಆಸ್ಪತ್ರೆ ಥರ ಇರುವುದಿಲ್ಲವಂತೆ. ಮನೆಯ ಹಾಲ್ ಇದ್ದ ಹಾಗೆ, ಸೋಫಾ, ದೀಪ. ಕಣ್ಣಿಗೆ ಪಟ್ಟಿ, ಕಿವಿಗೆ ಹಾಡು. ಇಬ್ಬರು ಪಕ್ಕದಲ್ಲಿ ಇಡೀ ದಿನ ಕೂತಿರುತ್ತಾರೆ. ಅದಕ್ಕೆ ಮೊದಲು ಎಷ್ಟೋ ಸಲ ಭೇಟಿಯಾಗಿ ನಿನ್ನ ಕಥೆ ಹೇಳು ಅನ್ನುತ್ತಾರೆ, ಆಮೇಲೂ ಮಾತಾಡಿಸುತ್ತಾರೆ. ನಾನು ಮಗನಿಗೆ ಹೇಳಿದೆ, ಅಣಬೆ ಇಲ್ಲದೆ ಅಷ್ಟನ್ನೇ ಯಾರಾದರೂ ಮಾಡುತ್ತಾರಾ ಕೇಳು ಅಂತ. ನಕ್ಕ. ನಾನು ತಮಾಷೆ ಮಾಡಿರಲಿಲ್ಲ.

ಔಷಧಿ ಸುಳ್ಳು ಅನ್ನುತ್ತಿಲ್ಲ. ಆ ಸಂಶೋಧನೆಯ ಮುಂದಾಳು ರೋಲಂಡ್ ಗ್ರಿಫಿತ್ಸ್ ಅವರಿಗೇ ಕೊನೆಗೆ ಕರುಳಿನ ಕ್ಯಾನ್ಸರ್ ಬಂತು. 2023ರ ಅಕ್ಟೋಬರ್‌ನಲ್ಲಿ 77ನೇ ವಯಸ್ಸಿಗೆ ಹೋದರು. ಕಾಯಿಲೆ ಗೊತ್ತಾದ ಮೇಲೆ ಅವರು ಕೊಟ್ಟ ಸಂದರ್ಶನಗಳನ್ನು ಮಗ ಕನ್ನಡದಲ್ಲಿ ಹೇಳಿದ. ಆ ಮನುಷ್ಯನಿಗೆ ಹೆದರಿಕೆ ಇರಲಿಲ್ಲ. ಅದು ನನಗೆ ನಾಟಿತು.

ಮೆಲ್ಬರ್ನ್_ನಳಿನಿ

ಅಜ್ಜಿ ಹೇಳಿದ್ದು ನೂರಕ್ಕೆ ನೂರು. ನಾನು ಇಲ್ಲಿ ವೃದ್ಧರ ವಾರ್ಡ್‌ನಲ್ಲಿ ನರ್ಸ್. ಆಸ್ಟ್ರೇಲಿಯಾದಲ್ಲಿ 2023ರ ಜುಲೈ 1ರಿಂದ ಅನುಮತಿ ಪಡೆದ ಮನೋವೈದ್ಯರು ಸಿಲೊಸಿಬಿನ್ ಬರೆಯಬಹುದು. ಬೇರೆ ಚಿಕಿತ್ಸೆಗೆ ಬಗ್ಗದ ಖಿನ್ನತೆಗೆ ಮಾತ್ರ. ಎಂಡಿಎಂಎ ಎಂಬ ಇನ್ನೊಂದು ವಸ್ತುವನ್ನು ಭಾರೀ ಆಘಾತದ ನಂತರ ಬರುವ ಮಾನಸಿಕ ಕಾಯಿಲೆಗೆ. ಖರ್ಚು ಕೇಳಿದರೆ ಬಿಪಿ ಅದರಿಂದಲೇ ಏರುತ್ತದೆ. ಎಲ್ಲ ಸೇರಿ ಇಪ್ಪತ್ತು ಸಾವಿರ ಡಾಲರ್ ಆಚೆಗೆ ಹೋಗುತ್ತದೆ. ಔಷಧಿಗಿಂತ ಜಾಸ್ತಿ ಆ ಇಬ್ಬರು ಥೆರಪಿಸ್ಟ್‌ಗಳ ಗಂಟೆಗಳಿಗೇ ದುಡ್ಡು.

ಹಿಲ್ಸ್‌ಬರೋ ಅವರೇ, ಒಂದು ವಿಷಯ ಯಾರೂ ಎತ್ತಲಿಲ್ಲ. ಅಪ್ಪ ಇಂಗ್ಲಿಷ್‌ನಲ್ಲಿ ಎಷ್ಟು ಆರಾಮ? ಬ್ಯಾಂಕಿನಲ್ಲಿ, ಅಂಗಡಿಯಲ್ಲಿ ಮಾತಾಡುವುದು ಬೇರೆ. ನಮ್ಮ ವಾರ್ಡ್‌ನಲ್ಲಿ ಗೊಂದಲಕ್ಕೆ ಬಿದ್ದ ಇಟಾಲಿಯನ್, ಗ್ರೀಕ್ ಅಜ್ಜಂದಿರನ್ನು ನೋಡುತ್ತೇನೆ. ನಲವತ್ತು ವರ್ಷ ಇಲ್ಲೇ ಬದುಕಿದವರು, ರಾತ್ರಿ ಹೆದರಿದಾಗ ಒಂದು ಇಂಗ್ಲಿಷ್ ಪದ ಬರುವುದಿಲ್ಲ. ಅಣಬೆಯ ಆರು ಗಂಟೆಯಲ್ಲಿ ಅಪ್ಪ "ನಿಮ್ಮಮ್ಮ ಇಲ್ಲೇ ಕೂತಿದ್ದಾಳೆ" ಎಂದು ಕನ್ನಡದಲ್ಲಿ ಅತ್ತರೆ ಪಕ್ಕದಲ್ಲಿರುವವರಿಗೆ ಏನು ಗೊತ್ತಾಗುತ್ತದೆ?

ಇನ್ನು ಶರೀರದ ಸಣ್ಣ ಸಂಗತಿಗಳು. ಕಣ್ಣಿಗೆ ಪಟ್ಟಿ ಕಟ್ಟಿದರೆ ಶ್ರವಣ ಯಂತ್ರ ಎಲ್ಲಿಡುತ್ತೀರಿ? ಪ್ರಾಸ್ಟೇಟ್ ದೊಡ್ಡದಾದ ಗಂಡಸರಿಗೆ ಗಂಟೆಗೊಮ್ಮೆ ಬಾತ್‌ರೂಮ್. ಮಂಡಿನೋವು ಬೇರೆ. ನೆಲ ಅಲೆ ಅಲೆಯಾಗಿ ಕಾಣುವಾಗ ಎದ್ದು ನಡೆದು ಸೊಂಟ ಮುರಿದುಕೊಂಡರೆ? 30ರ ಹುಡುಗರಿಗೆ ಮಾಡಿದ ವ್ಯವಸ್ಥೆ 70ರವರಿಗೆ ಸಾಲುವುದಿಲ್ಲ.

ಕಾಗದಪತ್ರ

ನಾನು ವಕೀಲ ಅಲ್ಲ, ಆದರೆ ವೀಸಾ ತಾಪತ್ರಯ ಸಾಕಷ್ಟು ಕಂಡವನು. ಒರೆಗಾನ್ ಜನ 2020ರ ನವೆಂಬರ್‌ನಲ್ಲಿ ಮತ ಹಾಕಿ ಒಪ್ಪಿದರು, 2023ರಲ್ಲಿ ಕೇಂದ್ರಗಳು ಶುರುವಾದವು. 21 ದಾಟಿದ ಯಾರು ಬೇಕಾದರೂ ಹೋಗಬಹುದು. ಕಾಯಿಲೆ ಇರಬೇಕೆಂದಿಲ್ಲ, ಚೀಟಿ ಬೇಕಿಲ್ಲ. ಅಂದರೆ ಅದು ಆಸ್ಪತ್ರೆ ಅಲ್ಲ. ಪಕ್ಕದಲ್ಲಿ ಕೂರುವ ಫೆಸಿಲಿಟೇಟರ್‌ಗೆ ತರಬೇತಿ, ಲೈಸೆನ್ಸ್ ಇರುತ್ತದೆ. ಆದರೆ ಡಾಕ್ಟರ್ ಆಗಿರಬೇಕಾಗಿಲ್ಲ.

ಮುಖ್ಯ ವಿಷಯ ಇದು. ಒಕ್ಕೂಟ ಸರ್ಕಾರದ ಕಾನೂನಿನಲ್ಲಿ ಸಿಲೊಸಿಬಿನ್ ಇನ್ನೂ ಶೆಡ್ಯೂಲ್ 1, ಅಂದರೆ ಅತಿ ಬಿಗಿ ನಿಷೇಧದ ಪಟ್ಟಿಯಲ್ಲಿದೆ. ವಲಸೆ ಇಲಾಖೆ ನಡೆಯುವುದು ಒಕ್ಕೂಟದ ಕಾನೂನಿನ ಮೇಲೆ. ಕೇಸ್ ಇಲ್ಲದಿದ್ದರೂ, ಬಳಸಿದ್ದೇನೆ ಎಂದು ಒಪ್ಪಿಕೊಂಡರೇ ಪೌರರಲ್ಲದವರಿಗೆ ಕಷ್ಟ ಆಗಬಹುದು. ಅಪ್ಪ ಊರಿಗೆ ಹೋಗಿ ವಾಪಸ್ ಬರುವಾಗ ಅಥವಾ ಸಿಟಿಜನ್‌ಶಿಪ್ ಫಾರ್ಮ್ ತುಂಬುವಾಗ ಇದು ಎದುರಾದರೆ? ವಲಸೆ ವಕೀಲರನ್ನು ಕೇಳದೆ ಒಂದು ಹೆಜ್ಜೆ ಇಡಬೇಡಿ. ನಿಮ್ಮ ಗೆಳೆಯನ ಅತ್ತೆ ಅಲ್ಲೇ ಹುಟ್ಟಿದವರಿರಬೇಕು, ಅವರಿಗೆ ಈ ತಲೆನೋವಿಲ್ಲ.

ಘಾಟ್_ರೈಡರ್

ಇಷ್ಟೆಲ್ಲ ಯಾಕೆ? ಕೊಡೈಕನಾಲ್‌ಗೆ ಹೋದರೆ [ನಿರ್ವಾಹಕರು ತೆಗೆದಿದ್ದಾರೆ]

ನಿರ್ವಾಹಕ

ಎಲ್ಲಿ ಸಿಗುತ್ತದೆ, ಹೇಗೆ ತರಬೇಕು ಎಂಬುದು ಇಲ್ಲಿ ಬೇಡ. ಇನ್ನೊಮ್ಮೆ ಬಂದರೆ ಖಾತೆ ಬಂದ್. ಚರ್ಚೆ ಮುಂದುವರಿಯಲಿ.

ಕಾಗದಪತ್ರ

ಸುಮ್ನೆ ಗೊತ್ತಿರಲಿ ಅಂತ ಹೇಳುತ್ತೇನೆ. ಭಾರತದಲ್ಲಿ 1985ರ ಎನ್‌ಡಿಪಿಎಸ್ (ಮಾದಕ ವಸ್ತು ನಿಯಂತ್ರಣ) ಕಾಯ್ದೆಯ ಪಟ್ಟಿಯಲ್ಲಿ ಸಿಲೊಸಿಬಿನ್, ಎಲ್‌ಎಸ್‌ಡಿ ಎರಡೂ ಇವೆ. 2025ರ ಜನವರಿಯಲ್ಲಿ ಕೇರಳ ಹೈಕೋರ್ಟ್ ಒಂದು ಜಾಮೀನು ಅರ್ಜಿಯಲ್ಲಿ ಅಣಬೆಯನ್ನೇ ಮಾದಕ ಮಿಶ್ರಣ ಎನ್ನಲಾಗದು ಎಂಬ ಅರ್ಥದ ಮಾತು ಹೇಳಿತು. ಅದನ್ನು ಹಿಡಿದು "ಲೀಗಲ್ ಆಯ್ತು" ಎಂದು ಹಾರಾಡುವವರಿದ್ದಾರೆ. ಅದು ಜಾಮೀನು ಆದೇಶ, ಅಷ್ಟೇ.

ಮಾತ್ರೆಡಬ್ಬಿ

ಕಾನೂನು ಇರಲಿ, ಕಾಡಿನ ಅಣಬೆಯಲ್ಲಿ ಎಷ್ಟು ಮಿಲಿಗ್ರಾಂ ಇದೆ ಅಂತ ಯಾರಿಗೆ ಗೊತ್ತು? ಪ್ರಯೋಗಗಳಲ್ಲಿ ಕೊಡುವುದು ಲ್ಯಾಬ್‌ನಲ್ಲಿ ಮಾಡಿದ, ಅಳೆದ ಕ್ಯಾಪ್ಸೂಲ್. ಹಳ್ಳಿಯಲ್ಲಿ ಬೆಳೆದವರಿಗೆ ವಿಷದ ಅಣಬೆ ಅಂದರೆ ಏನೆಂದು ಬಿಡಿಸಿ ಹೇಳಬೇಕಾಗಿಲ್ಲ.

ಹಿಲ್ಸ್‌ಬರೋ_ಕನ್ನಡಿಗ

ತಲೆ ತಿರುಗುತ್ತಿದೆ, ಆದರೆ ಒಳ್ಳೆಯದಾಯಿತು. ವೀಸಾ ವಿಷಯ ನನಗೆ ಹೊಳೆದೇ ಇರಲಿಲ್ಲ. ಟ್ರಮಡಾಲ್ ಬಗ್ಗೆ ಕ್ಲಿನಿಕ್‌ಗೆ ಫೋನ್ ಮಾಡಿದೆ, ನಿಲ್ಲಿಸಲು ಹೇಳಿದ್ದಾರೆ. ಮಾತ್ರೆಡಬ್ಬಿಯವರ ಊಹೆ ಸರಿ, ಬರೆದವರು ಇಬ್ಬರು.

ಡಾಕ್ಟ್ರಮ್ಮ, ಹಾಗಾದರೆ ಇನ್ನೇನು ದಾರಿ? ಎರಡು ಮಾತ್ರೆ ಕೈಕೊಟ್ಟಿವೆ. ಹೊಸದು ಅಪಾಯ ಅಂತೀರಿ. ಸುಮ್ಮನೆ ನೋಡುತ್ತಾ ಕೂರಬೇಕಾ?

ಡಾಕ್ಟ್ರಮ್ಮ_ಜಯನಗರ

ಖಂಡಿತ ಇಲ್ಲ. ಈ ಪ್ರಶ್ನೆಗೇ ಕಾಯುತ್ತಿದ್ದೆ.

ಹೊಸದರ ಲೆಕ್ಕವನ್ನೇ ಮೊದಲು ಮುಗಿಸುತ್ತೇನೆ. 2025ರ ಜೂನ್‌ನಲ್ಲಿ ಸಿಲೊಸಿಬಿನ್‌ನ ದೊಡ್ಡ ಪ್ರಯೋಗದ ಫಲ ಬಂತು. 258 ಜನ. ಒಂದೇ ಡೋಸ್, 25 ಮಿಲಿಗ್ರಾಂ. ಆರು ವಾರದ ನಂತರ ಔಷಧಿ ಇಲ್ಲದ ಹುಸಿ ಗುಳಿಗೆ ತಗೊಂಡವರಿಗಿಂತ 3.6 ಅಂಕ ಮೇಲು. ಖಿನ್ನತೆ ಅಳೆಯುವ ಆ ಅಳತೆಗೋಲು 60 ಅಂಕದ್ದು. ಸೊನ್ನೆ ಅಲ್ಲ, ಆದರೆ ಪವಾಡವೂ ಅಲ್ಲ. ಇನ್ನೊಂದು ತೊಡಕು, ಯಾರಿಗೆ ನಿಜವಾದ ಔಷಧಿ ಸಿಕ್ಕಿತು ಅಂತ ಒಂದು ಗಂಟೆಯಲ್ಲಿ ಹೆಚ್ಚುಕಡಿಮೆ ಎಲ್ಲರಿಗೂ ಗೊತ್ತಾಗಿಬಿಡುತ್ತದೆ. ಗೋಡೆ ಉಸಿರಾಡುವುದು ಕಂಡವನಿಗೆ ಸಕ್ಕರೆ ಗುಳಿಗೆ ಅಂತ ನಂಬಿಸಲಾದೀತಾ? ಎಂಡಿಎಂಎ ಅರ್ಜಿಯನ್ನು 2024ರ ಆಗಸ್ಟ್‌ನಲ್ಲಿ ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ ವಾಪಸ್ ಕಳಿಸಿತು. ಅಲ್ಲಿ ಎದ್ದ ತಕರಾರುಗಳಲ್ಲಿ ಇದೂ ಒಂದು.

ಈಗ ವಯಸ್ಸಾದವರ ಮೇಲೇ ಮಾಡಿ ನೋಡಿದ್ದು ಏನಿದೆ ಎಂದು ಕೇಳಿ. ಇದೆ! 2023ರಲ್ಲಿ ಬಂದ ಅಧ್ಯಯನ, 60 ದಾಟಿದವರೇ 619 ಮಂದಿ, ಎಲ್ಲರಿಗೂ ಎರಡು ಮಾತ್ರೆಯಾದರೂ ಸೋತಿದ್ದವು. ಥೇಟ್ ನಿಮ್ಮ ಅಪ್ಪ. ಇರುವ ಮಾತ್ರೆಗೆ ಸಣ್ಣ ಪ್ರಮಾಣದ ಅರಿಪಿಪ್ರಜೋಲ್ ಸೇರಿಸಿದಾಗ 28.9% ಜನ ಚೇತರಿಸಿಕೊಂಡರು. ಮಾತ್ರೆ ಬಿಟ್ಟು ಬುಪ್ರೋಪಿಯಾನ್‌ಗೆ ಬದಲಾಯಿಸಿದವರಲ್ಲಿ 19.3%. ಬುಪ್ರೋಪಿಯಾನ್ ಸೇರಿಸಿದವರಲ್ಲೂ ಚೇತರಿಕೆ 28ರ ಹತ್ತಿರವೇ, ಆದರೆ ಬಿದ್ದು ಪೆಟ್ಟಾಗುವುದು ಜಾಸ್ತಿ. ನೋಡಿ, ಬೀಳುವುದನ್ನೂ ಎಣಿಸಿದ್ದಾರೆ. ಮುದುಕರ ಅಧ್ಯಯನ ಅಂದರೆ ಹೀಗಿರಬೇಕು.

ಅದೂ ಸಾಲದಿದ್ದರೆ ಇಸಿಟಿ, ಅಂದರೆ ಮೆದುಳಿಗೆ ವಿದ್ಯುತ್ ಹಾಯಿಸಿ ಮಾಡುವ ಚಿಕಿತ್ಸೆ. ಹೆದರಬೇಡಿ, ಪೂರ್ತಿ ಓದಿ. ಅಮೆರಿಕದಲ್ಲೇ 60 ದಾಟಿದ 240 ಮಂದಿಗೆ ಇಸಿಟಿ ಜೊತೆ ವೆನ್ಲಾಫಾಕ್ಸಿನ್ ಎಂಬ ಖಿನ್ನತೆ ಮಾತ್ರೆ ಕೊಟ್ಟು ನೋಡಿದರು. 61.7% ಜನರಲ್ಲಿ ಖಿನ್ನತೆ ಇಳಿದು ಮಾಮೂಲಿಗೆ ಬಂದರು. ಅನಸ್ತೇಷಿಯಾ ಕೊಟ್ಟು, ಸ್ನಾಯು ಸಡಿಲಿಸಿ ಮಾಡುವುದು. ಅದಿಲ್ಲದೆ ಮಾಡುವುದನ್ನು ನಮ್ಮ 2017ರ ಮಾನಸಿಕ ಆರೋಗ್ಯ ಕಾಯ್ದೆ ನಿಷೇಧಿಸಿದೆ. ಸ್ವಲ್ಪ ದಿನದ ಮರೆವು ಇರುತ್ತದೆ, ಮುಚ್ಚಿಡುವುದಿಲ್ಲ. ಆದರೆ ನೋಡಿ ತಮಾಷೆ. 1400ರಲ್ಲಿ 19 ಮುದುಕರಿದ್ದ ಅಣಬೆಗೆ ಜನ ಸಾಲುಗಟ್ಟಿ ದುಡ್ಡು ಸುರಿಯುತ್ತಾರೆ. ಮುದುಕರಲ್ಲೇ ಪರೀಕ್ಷಿಸಿ ಗೆದ್ದ ಚಿಕಿತ್ಸೆಗೆ "ಕರೆಂಟ್ ಕೊಡ್ತಾರಂತೆ" ಎಂದು ಮನೆಯವರು ಎದ್ದು ಹೋಗುತ್ತಾರೆ. ಸಿನಿಮಾದವರು ನಮಗೆ ಮಾಡಿದ ಉಪಕಾರ ಇದು.

ಸಾಗರದ_ಮೇಷ್ಟ್ರು

ಇಸಿಟಿ ಅಂದರೆ ನನಗೂ ಅದೇ ಚಿತ್ರ ತಲೆಯಲ್ಲಿತ್ತು. ಆದರೂ ಡಾಕ್ಟ್ರಮ್ಮ, ದುಃಖಕ್ಕೆಲ್ಲ ಮದ್ದು ಹುಡುಕುತ್ತಾ ಹೋದರೆ ಹೇಗೆ? ನಮ್ಮವಳು ಹೋದಾಗ ನಾನೂ ಎರಡು ವರ್ಷ ಹೀಗೇ ಇದ್ದೆ.

ಮೈಸೂರಜ್ಜಿ

ನೀವು ಎದ್ದಿರಿ ಮೇಷ್ಟ್ರೇ. ಏಳದೆ ಹೋದವರು ಇಲ್ಲಿ ಬಂದು ಬರೆಯುವುದಿಲ್ಲ.

ಮೆಲ್ಬರ್ನ್_ನಳಿನಿ

ಮೇಷ್ಟ್ರ ಕಟ್ಟೆಗೂ ಈ ಸಂಶೋಧನೆಗೂ ಒಂದು ಕೊಂಡಿ ಇದೆ. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ 2020ರಲ್ಲಿ ಪ್ರಕಟವಾದ ಒಂದು ಸಣ್ಣ ಅಧ್ಯಯನ. ಏಡ್ಸ್ ಬಂದೂ ದಶಕಗಟ್ಟಲೆ ಬದುಕುಳಿದ 18 ಸಲಿಂಗಿ ಗಂಡಸರು, ಎಲ್ಲರೂ 50 ದಾಟಿದವರು. 80, 90ರ ದಶಕದಲ್ಲಿ ಗೆಳೆಯರನ್ನೆಲ್ಲ ಮಣ್ಣು ಮಾಡಿ ತಾವು ಮಾತ್ರ ಉಳಿದವರು. ಇನ್ನೇನಕ್ಕೆ ಬದುಕಬೇಕು ಎನ್ನುವ ಸ್ಥಿತಿ. ಅವರನ್ನು ಗುಂಪಾಗಿ ಕೂರಿಸಿ ವಾರಗಟ್ಟಲೆ ಮಾತಾಡಿಸಿದರು. ಸಿಲೊಸಿಬಿನ್ ಮಾತ್ರ ಒಬ್ಬೊಬ್ಬರಿಗೆ ಬೇರೆಯಾಗಿ, ಒಂದೇ ಸಲ. ಆ ಹತಾಶೆ ಇಳಿಯಿತು. ಹೋಲಿಸಲು ಬೇರೆ ಗುಂಪು ಇರಲಿಲ್ಲ, ಹಾಗಾಗಿ ಅಣಬೆಯಿಂದ ಎಷ್ಟು, ಜೊತೆಗಾರರಿಂದ ಎಷ್ಟು ಎಂದು ಬಿಡಿಸಲಾಗದು. ನನಗಂತೂ ಎಲ್ಲ ಅಧ್ಯಯನಗಳಲ್ಲಿ ಇದೇ ಇಷ್ಟ. ವಿಧುರರಿಗೆ, ವಿಧವೆಯರಿಗೆ ಇಂಥದ್ದು ಯಾರಾದರೂ ಮಾಡಿ ನೋಡಬೇಕು.

ಹಿಲ್ಸ್‌ಬರೋ_ಕನ್ನಡಿಗ

ಅಜ್ಜಿ ಬೈದ ಮೇಲೆ ಅಪ್ಪನನ್ನೇ ಕೇಳಿದೆ. ಈ ಚರ್ಚೆ ಪೂರ್ತಿ ಐಪ್ಯಾಡ್‌ನಲ್ಲಿ ಅಕ್ಷರ ದೊಡ್ಡದು ಮಾಡಿ ಓದಿದರು. ಅಮ್ಮನ ವಿಷಯ ಬಂದಲ್ಲಿ ನಿಲ್ಲಿಸಿದರು, ಆಮೇಲೆ ಮತ್ತೆ ಓದಿದರು. ಅಣಬೆ ಬೇಡ ಅಂದರು. "ಗೊತ್ತಿಲ್ಲದವರ ಮುಂದೆ ನಾನು ಅಳೋದಿಲ್ಲ" ಅಂದರು. ಇಸಿಟಿ ಬಗ್ಗೆ "ಡಾಕ್ಟರ್ ಹೇಳಿದರೆ ನೋಡೋಣ" ಅಂದಿದ್ದು ನನಗೇ ಆಶ್ಚರ್ಯ. ವಯಸ್ಸಾದವರ ಮನೋವೈದ್ಯರ ಅಪಾಯಿಂಟ್‌ಮೆಂಟ್ ಮುಂದಿನ ತಿಂಗಳು ಸಿಕ್ಕಿದೆ. ಬಿ12 ರಕ್ತ ಕೊಟ್ಟು ಬಂದೆವು. ಹೆಂಡತಿ ಗೆದ್ದಳು, ಅದನ್ನು ದಿನಕ್ಕೊಮ್ಮೆ ನೆನಪಿಸುತ್ತಾಳೆ.

ದಾವಣಗೆರೆ_ಬೆಣ್ಣೆ

ನಡುವೆ ಬಂದೆ, ಕ್ಷಮಿಸಿ. ನಮ್ಮ ತಾಯಿಗೆ 70, ಇದೇ ಸ್ಥಿತಿ. ಇಲ್ಲೊಬ್ಬರು ಕೆಟಮಿನ್ ಡ್ರಿಪ್ ಹಾಕಿಸಿ, ಮನೆಗೇ ಬಂದು ಕೊಡುತ್ತೇವೆ ಎನ್ನುತ್ತಿದ್ದಾರೆ. ಅದೂ ಸೈಕಡೆಲಿಕ್ ಅಂತೆ, ಆದರೆ ಲೀಗಲ್ ಅಂತೆ. ಹೌದಾ?

ಡಾಕ್ಟ್ರಮ್ಮ_ಜಯನಗರ

ಕೆಟಮಿನ್ ಅನಸ್ತೇಷಿಯಾ ಔಷಧಿ. ಆಸ್ಪತ್ರೆಯಲ್ಲಿ ಬಳಸಲು ಅಡ್ಡಿ ಇಲ್ಲ, ಆದರೆ ಹತೋಟಿ ಬಿಗಿ. ಖಿನ್ನತೆಗೂ ಕೆಲವು ಕಡೆ ಕೊಡುತ್ತಾರೆ. ಅದರ ತಮ್ಮ ಎಸ್‌ಕೆಟಮಿನ್ ಮೂಗಿನ ಸ್ಪ್ರೇಗೆ ಅಮೆರಿಕದಲ್ಲಿ 2019ರಲ್ಲಿ ಒಪ್ಪಿಗೆ ಸಿಕ್ಕಿತು. 65 ದಾಟಿದ 138 ಮಂದಿಯ ಮೇಲೆ ಪ್ರತ್ಯೇಕವಾಗಿ ನೋಡಿದಾಗ ಮಾತ್ರ ಲಾಭ ಇದೆ ಎಂದು ಖಚಿತವಾಗಿ ಹೇಳುವ ಗೆರೆ ದಾಟಲಿಲ್ಲ, ಕೂದಲೆಳೆಯಲ್ಲಿ ತಪ್ಪಿತು. ಇದೂ ಬಿಪಿ ಏರಿಸುತ್ತದೆ, ತಲೆ ತೇಲಿಸುತ್ತದೆ. ಸ್ಪ್ರೇ ಕೊಟ್ಟರೂ ಎರಡು ಗಂಟೆ ಕ್ಲಿನಿಕ್‌ನಲ್ಲೇ ಕೂರಿಸಿಕೊಳ್ಳಬೇಕು ಎಂಬ ನಿಯಮ ಅಲ್ಲಿದೆ.

ಮನೆಗೆ ಬಂದು ಡ್ರಿಪ್ ಹಾಕುತ್ತೇವೆ ಎನ್ನುವವರನ್ನು ಬಾಗಿಲಿಂದಲೇ ಕಳಿಸಿ. ಬೆಂಗಳೂರಿಗೇ ಬರಬೇಕೆಂದಿಲ್ಲ, ಧಾರವಾಡದ ಮಾನಸಿಕ ಆಸ್ಪತ್ರೆ ಡಿಮ್ಹಾನ್ಸ್ ನಿಮಗೆ ಹತ್ತಿರ, ಮೊದಲು ಅಲ್ಲಿ ತೋರಿಸಿ. ಅಷ್ಟರಲ್ಲಿ ತಾಯಿ ಬದುಕು ಬೇಡ ಎಂಬ ಮಾತಾಡಿದರೆ ಕಾಯಬೇಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416, ರಾತ್ರಿಯೂ ಎತ್ತುತ್ತಾರೆ, ಕನ್ನಡದಲ್ಲೇ ಮಾತಾಡಬಹುದು. ಹೋಗುವಾಗ ತಾಯಿ ನುಂಗುವ ಎಲ್ಲ ಮಾತ್ರೆಗಳ ಸ್ಟ್ರಿಪ್ ಒಂದು ಕವರ್‌ಗೆ ಹಾಕಿ ತಗೊಂಡು ಹೋಗಿ, ಹೆಸರು ಬಾಯಿಪಾಠ ಹೇಳಬೇಡಿ.